ಬಿಡಿಭಾಗಗಳ ಹೊಂದಿಕೆಯ ಕಥೆ

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಇರುವ ಮನೆಯಲ್ಲಿ ಈಗ ಒಂದಲ್ಲ ಒಂದು ದಿನ ಒಂದು ಪಟ್ಟಿ ಹಿರಿಯರ ಮುಂದೆ ಬಂದು ಕೂರುವ ಸಂಭವವುಂಟು. ಆಟವಾಡುವುದಕ್ಕೆ ತಕ್ಕ ಕಂಪ್ಯೂಟರನ್ನು ಸಿದ್ಧವಾಗಿ ಕೊಳ್ಳುವುದು ಬೇಡ, ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿ ನಾನೇ ಜೋಡಿಸುತ್ತೇನೆ ಎಂಬುದು ಮಕ್ಕಳ ಬೇಡಿಕೆ. ಪಟ್ಟಿಯಲ್ಲಿ ಏಳೆಂಟು ಹೆಸರುಗಳಿರುತ್ತವೆ. ಒಂದೊಂದರ ಮುಂದೆಯೂ ಸಾವಿರಗಳ ಲೆಕ್ಕವಿರುತ್ತದೆ. ಹಿರಿಯರು ಕೇಳುವ ಮೊದಲನೆಯ ಪ್ರಶ್ನೆ ಸಾಮಾನ್ಯವಾಗಿ ಬೆಲೆಯನ್ನು ಕುರಿತದ್ದು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ?

ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಬಾರದು. ಸಾಮಾನು ಬರುವುದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ, ಇಲ್ಲವೆ ಪಾರ್ಸೆಲಿನಲ್ಲಿ. ಪೆಟ್ಟಿಗೆಯ ಮುದ್ರೆ ಒಡೆದಮೇಲೆ ಹಿಂದಕ್ಕೆ ಕೊಡುವುದು ಸುಲಭದ ಮಾತಲ್ಲ. ಹೊಂದದ ಒಂದು ಭಾಗ ಬೀರುವಿನಲ್ಲಿ ಉಳಿಯಿತೆಂದರೆ, ಸಂಬಳದ ಮೇಲೆ ನಡೆಯುವ ಸಂಸಾರಕ್ಕೆ ಅದು ಒಂದು ತಿಂಗಳ ಖರ್ಚಿನ ನಷ್ಟ. ಅದಕ್ಕಿಂತ ಹೆಚ್ಚಾಗಿ, ತಾನೇ ಏನಾದರೂ ಮಾಡಬೇಕೆಂದು ಹೊರಟ ಮಗುವಿನ ಉತ್ಸಾಹಕ್ಕೆ ಪೆಟ್ಟು. ಹೀಗಿರುವುದರಿಂದ, ಭಾಗಗಳು ಒಂದಕ್ಕೊಂದು ಹೊಂದುವುದೆಂದರೆ ಏನು, ಆ ಹೊಂದಿಕೆ ಎಲ್ಲಿಂದ ಬಂತು ಎಂಬುದನ್ನು ಮನೆಯವರೆಲ್ಲ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಇದು ಅಮೆರಿಕದಲ್ಲಿ ಮಾತ್ರ ನಡೆದ ಚರಿತ್ರೆಯೆಂದು ಭಾವಿಸಬೇಕಾಗಿಲ್ಲ. ಕಪಿಲೆಯ ದಡದಿಂದಲೇ ಇದನ್ನು ಆರಂಭಿಸಬಹುದು.

ನಂಜನಗೂಡಿನ ಹಳೆಯ ಸೇತುವೆಯನ್ನು ನೀವು ನೋಡಿಯೇ ಇರುತ್ತೀರಿ. ದಳವಾಯಿಗಳ ಆಳ್ವಿಕೆಯಲ್ಲಿ, ೧೭೩೫ರಲ್ಲಿ, ಕಟ್ಟಿದ ಕಲ್ಲಿನ ಸೇತುವೆ ಅದು. ಆಗ ಅದರ ಮೇಲೆ ನಡೆದದ್ದು ಎತ್ತಿನ ಗಾಡಿ, ಕುದುರೆ, ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವ ಯಾತ್ರಿಕರು. ಮೈಸೂರಿನಿಂದ ನಂಜನಗೂಡಿಗೆ ರೈಲುದಾರಿ ಬಂದದ್ದು ೧೮೯೧ರಲ್ಲಿ. ಅದು ಮೀಟರ್ ಗೇಜಿನದು; ಎಂದರೆ ಎರಡು ಹಳಿಗಳ ನಡುವೆ ೧೦೦೦ ಮಿಲಿಮೀಟರ್ ಅಂತರ. ಮುಂದೆ ೧೯೨೬ರಲ್ಲಿ ದಾರಿ ಚಾಮರಾಜನಗರದವರೆಗೆ ಬೆಳೆಯಿತು. ಗಾಡಿಗಳಿಗಾಗಿ ಕಟ್ಟಿದ ಸೇತುವೆ ಆ ಸಣ್ಣ ರೈಲಿಗೂ ಹೆಗಲು ಕೊಟ್ಟಿತು. ಆದರೆ ದೇಶದ ಹೆದ್ದಾರಿಯಂತಿದ್ದ ಬ್ರಾಡ್ ಗೇಜಿನ ಅಂತರ ೧೬೭೬ ಮಿಲಿಮೀಟರ್. ಎಂಜಿನ್ನು ಎಷ್ಟೇ ಒಳ್ಳೆಯದಾಗಿರಲಿ, ಡಬ್ಬಿ ಎಷ್ಟೇ ಗಟ್ಟಿಯಾಗಿರಲಿ, ಒಂದು ಗೇಜಿನದು ಇನ್ನೊಂದರ ಮೇಲೆ ಒಂದು ಮಾರು ದೂರವೂ ಹೋಗದು. ಈ ಶತಮಾನದ ಮೊದಲ ದಶಕದಲ್ಲಿ ನಂಜನಗೂಡಿನ ದಾರಿ ಬ್ರಾಡ್ ಗೇಜಿಗೆ ಬದಲಾದಾಗ ರೈಲಿಗೆಂದು ಬೇರೆ ಸೇತುವೆಯನ್ನೇ ಕಟ್ಟಬೇಕಾಯಿತು. ಹಳೆಯ ಸೇತುವೆ ಕೆಟ್ಟಿರಲಿಲ್ಲ. ಹೊಸ ಅಳತೆಗೆ ಅದು ಹೊಂದಲಿಲ್ಲ, ಅಷ್ಟೇ. ಒಳ್ಳೆಯ ವಸ್ತು ಬೇರೆ, ಹೊಂದುವ ವಸ್ತು ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕಪಿಲೆ ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹಾಗೆ ತುಂಬಿದ ಕಾವೇರಿ ತಲಕಾಡಿನ ಮರಳನ್ನು ಬಳಸಿಕೊಂಡು ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿ ೧೯೦೨ರಲ್ಲಿ ಮೈಸೂರು ಸಂಸ್ಥಾನದವರು ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಕೊಟ್ಟರು. ಆ ವಿದ್ಯುತ್ತು ಒಂದು ಸೆಕೆಂಡಿಗೆ ೨೫ ಆವರ್ತಗಳದು. ಈಗ ನಿಮ್ಮ ಮನೆಯ ಗೋಡೆಯ ಪ್ಲಗ್ಗಿನಲ್ಲಿರುವುದು ೫೦ ಆವರ್ತಗಳದು. ಕಣ್ಣಿಗೆ ಎರಡೂ ಒಂದೇ. ತಂತಿಯೂ ಅದೇ ತಾಮ್ರ. ಆದರೆ ೫೦ಕ್ಕೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಅದೇ ಒತ್ತಡದ ೨೫ರ ವಿದ್ಯುತ್ತನ್ನು ಕೊಟ್ಟರೆ ಅದು ಕಾದು ಕೆಡುತ್ತದೆ. ರೈಲಿನ ಗೇಜಿನ ವ್ಯತ್ಯಾಸವನ್ನು ಅಳತೆಪಟ್ಟಿ ಹಿಡಿದು ಕಾಣಬಹುದು. ಈ ವ್ಯತ್ಯಾಸವನ್ನು ಕಾಣಲಾಗುವುದಿಲ್ಲ, ಬರೆದಿಟ್ಟದ್ದನ್ನು ಓದಿಯೇ ತಿಳಿಯಬೇಕು. ಹೊಂದಿಕೆಯ ಕಥೆಯಲ್ಲಿ ಇದು ಎರಡನೆಯ ಪಾಠ.

ಮೂರನೆಯ ಪಾಠವನ್ನು ಕಲಿಸಿದ್ದು ರೇಡಿಯೋ. ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ೧೯೩೫ರ ಸೆಪ್ಟೆಂಬರ್ ೧೦ರಂದು ೩೦ ವಾಟಿನ ಪುಟ್ಟ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದ ಸಂಗತಿ ಶ್ರೋತೃಗಳೆಲ್ಲರಿಗೂ ಗೊತ್ತಿರುವುದೇ. ಅದೇ ೧೯೩೫ರಲ್ಲಿ ಅಮೆರಿಕದ ಆರ್.ಸಿ.ಎ. ಕಂಪನಿ ಎಂಟು ಪಿನ್ನುಗಳ ತಳವಿರುವ ವಾಲ್ವುಗಳನ್ನು ಹೊರತಂದಿತು. ನಡುವೆ ಒಂದು ಗೂಟ, ಗೂಟಕ್ಕೊಂದು ಏಣು. ಕತ್ತಲಲ್ಲಿ ಹಾಕಿದರೂ ವಾಲ್ವು ತಪ್ಪಾಗಿ ಕೂರುವಂತಿಲ್ಲ. ಮನೆಯಲ್ಲಿ ರೇಡಿಯೋ ಜೋಡಿಸುವವರಿಗೆ ಇದು ದೊಡ್ಡ ಅನುಕೂಲವಾಯಿತು. ಆದರೆ ಅದೇ ತಳದ ಮೇಲೆ ಹಲವು ಜಾತಿಯ ವಾಲ್ವುಗಳು ಬಂದವು. ೬ವಿ೬ ಎಂಬುದಕ್ಕೆ ೬.೩ ವೋಲ್ಟಿನ ಕಾವು ಬೇಕು; ೫ವೈ೩ ಎಂಬುದಕ್ಕೆ ೫ ವೋಲ್ಟು ಸಾಕು. ಮೊದಲನೆಯದು ಧ್ವನಿಯನ್ನು ದೊಡ್ಡದು ಮಾಡುವುದು, ಎರಡನೆಯದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುವುದು. ಎರಡೂ ಒಂದೇ ಗುಳಿಯಲ್ಲಿ ಸಲೀಸಾಗಿ ಕೂರುತ್ತವೆ. ಬ್ರಿಟನ್ನಿನ ಸೆಟ್ಟುಗಳಲ್ಲಿ ೪ ವೋಲ್ಟಿನ ವಾಲ್ವುಗಳ ಬಳಕೆಯಿದ್ದದ್ದರಿಂದ ತೊಡಕು ಇನ್ನೂ ಹೆಚ್ಚಿತ್ತು. ಆದ್ದರಿಂದ ಬಲ್ಲ ರಿಪೇರಿಯವರು ವಾಲ್ವು ಗುಳಿಯಲ್ಲಿ ಕೂತಿತೆಂದು ತೃಪ್ತಿಪಡುತ್ತಿರಲಿಲ್ಲ; ಗಾಜಿನ ಮೇಲಿನ ಸಂಖ್ಯೆಯನ್ನು ಓದಿ, ಪುಸ್ತಕದಲ್ಲಿ ಹುಡುಕಿ, ಪಿನ್ನಿನಿಂದ ಪಿನ್ನಿಗೆ ತಾಳೆ ನೋಡುತ್ತಿದ್ದರು. ಕೂತದ್ದೆಲ್ಲ ಕೂಡಿದ್ದಲ್ಲ ಎಂಬ ಈ ಮಾತನ್ನು ದಯಮಾಡಿ ನೆನಪಿನಲ್ಲಿಡಿ. ಕಂಪ್ಯೂಟರಿನ ಪಟ್ಟಿಗೆ ಹಿಂದಿರುಗಿದಾಗ ಇದೇ ನಮಗೆ ಬೇಕಾಗುವುದು.

ವಾಲ್ವುಗಳಿಗೆ ಹೆಸರು, ಸಂಖ್ಯೆಗಳನ್ನು ಗೊಂದಲವಿಲ್ಲದೆ ಹಂಚುವುದಕ್ಕಾಗಿ ೧೯೪೪ರಲ್ಲಿ ಅಮೆರಿಕದ ತಯಾರಕರು ಸೇರಿ ಜೆಟೆಕ್ ಎಂಬ ಮಂಡಲಿಯೊಂದನ್ನು ಮಾಡಿಕೊಂಡರು. ಟ್ರಾನ್ಸಿಸ್ಟರ್ ಬಂದಮೇಲೆ, ೧೯೫೮ರಲ್ಲಿ, ಅದರ ಹೆಸರು ಜೆಡೆಕ್ ಎಂದಾಯಿತು. ಈಗ ಕಂಪ್ಯೂಟರಿನ ಸ್ಮರಣೆಯ ಕಡ್ಡಿಗಳು, ಎಂದರೆ ನಮ್ಮ ಹುಡುಗರು ರ‍್ಯಾಮ್ ಎಂದು ಕರೆಯುವವು, ಯಾವ ಅಳತೆಯಲ್ಲಿರಬೇಕು, ಎಷ್ಟು ವೋಲ್ಟಿನಲ್ಲಿ ನಡೆಯಬೇಕು ಎಂದು ಗೊತ್ತುಮಾಡುವುದು ಇದೇ ಸಂಸ್ಥೆ. ರೇಡಿಯೋ ವಾಲ್ವಿಗೂ ಇಂದಿನ ಕಂಪ್ಯೂಟರಿಗೂ ನಡುವಣ ನಂಟು ಬರಿಯ ಹೋಲಿಕೆಯದಲ್ಲ, ವಂಶದ್ದು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕಂಪ್ಯೂಟರಿನ ಮಾತು. ಮೊದಲಿನ ಕಂಪ್ಯೂಟರುಗಳಲ್ಲಿ ಹೊರಗಿನವರು ಭಾಗ ಆರಿಸುವ ಪ್ರಶ್ನೆಯೇ ಸಾಮಾನ್ಯವಾಗಿ ಇರಲಿಲ್ಲ. ಯಂತ್ರ ಮಾಡಿದ ಕಂಪನಿಯೇ ಭಾಗವನ್ನೂ ಕೊಡಬೇಕು, ರಿಪೇರಿಯನ್ನೂ ಮಾಡಬೇಕು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರು ಈ ಪದ್ಧತಿಯನ್ನು ಬದಲಾಯಿಸಿತು. ಬೇಗ ಮಾರುಕಟ್ಟೆಗೆ ಬರಬೇಕೆಂಬ ಆತುರದಿಂದ ಕಂಪನಿಯವರು ತಮ್ಮದೇ ಭಾಗಗಳನ್ನು ಮಾಡಲು ಕೂರಲಿಲ್ಲ. ಇಂಟೆಲಿನ ೮೦೮೮ ಪ್ರೊಸೆಸರನ್ನೂ ಮೈಕ್ರೋಸಾಫ್ಟಿನ ತಂತ್ರಾಂಶವನ್ನೂ ಹೊರಗಿನಿಂದ ತೆಗೆದುಕೊಂಡರು. ಬೇರೆಯವರು ಕಾರ್ಡುಗಳನ್ನು ಮಾಡಿ ಸಿಕ್ಕಿಸಲೆಂದು ಒಳಗೆ ಐದು ಸ್ಲಾಟುಗಳನ್ನಿಟ್ಟರು. ಅಷ್ಟೇ ಅಲ್ಲ, ಯಂತ್ರದ ನಕ್ಷೆಗಳನ್ನು ಪುಸ್ತಕವಾಗಿ ಅಚ್ಚುಹಾಕಿ ಮಾರಿದರು.

ಕಂಪನಿ ತನ್ನದೆಂದು ಉಳಿಸಿಕೊಂಡದ್ದು ಒಂದೇ, ಬಯಾಸ್ ಎಂಬ ಮೂಲಕ್ರಮ. ಯಂತ್ರವನ್ನು ಹಚ್ಚಿದೊಡನೆ ಭಾಗಗಳನ್ನೆಲ್ಲ ಎಬ್ಬಿಸಿ ಹಾಜರಿ ತೆಗೆದುಕೊಳ್ಳುವ ಕ್ರಮವಿದು. ಇದರ ಹಕ್ಕು ಐಬಿಎಂನದು. ಆದರೆ ಕಂಪ್ಯಾಕ್ ಎಂಬ ಹೊಸ ಕಂಪನಿ, ಮೂಲದ ಬರವಣಿಗೆಯನ್ನು ನೋಡದ ಜನರನ್ನು ಕೂರಿಸಿ, ಅದು ಮಾಡುವ ಕೆಲಸವನ್ನೆಲ್ಲ ಮಾಡುವ ಬೇರೆಯದೇ ಕ್ರಮವನ್ನು ಬರೆಸಿತು. ೧೯೮೨ರಲ್ಲಿ ತನ್ನ ಯಂತ್ರವನ್ನು ಪ್ರಕಟಿಸಿತು. ಸ್ವಲ್ಪ ಕಾಲದಲ್ಲೇ ಇಂಥ ಬಯಾಸನ್ನು ಬೇರೆ ಕಂಪನಿಗಳು ಯಾರಿಗೆ ಬೇಕಾದರೂ ಮಾರತೊಡಗಿದವು. ಬಾಗಿಲು ತೆರೆಯಿತು. ತೈವಾನಿನ ಕಾರ್ಖಾನೆಗಳು ಮದರ್‌ಬೋರ್ಡುಗಳನ್ನು ಒಬ್ಬರ ಮೇಲೊಬ್ಬರು ಬಿದ್ದು ಮಾಡಿದವು. ೧೯೮೭ರಲ್ಲಿ ಐಬಿಎಂ ತನ್ನ ಪಿಎಸ್/೨ ಯಂತ್ರಗಳಲ್ಲಿ ಹೊಸ ಬಗೆಯ ಸ್ಲಾಟನ್ನು ಇಟ್ಟು, ಅದಕ್ಕೆ ಹಕ್ಕಿನ ಹಣ ಕೇಳಿ, ಬಾಗಿಲನ್ನು ಮುಚ್ಚಲು ಪ್ರಯತ್ನಿಸಿತು. ಮಿಕ್ಕ ಒಂಬತ್ತು ಕಂಪನಿಗಳು ಒಟ್ಟುಗೂಡಿ ೧೯೮೮ರಲ್ಲಿ ಹಳೆಯ ಕಾರ್ಡುಗಳನ್ನೂ ಒಪ್ಪುವ ತಮ್ಮದೇ ಸ್ಲಾಟನ್ನು ಮುಂದಿಟ್ಟವು. ಐಬಿಎಂನ ಸ್ಲಾಟು ನಿಲ್ಲಲಿಲ್ಲ. ನೀವು ಅಂಗಡಿಗೆ ಹೋಗಿ ಒಂದು ಕಂಪನಿಯ ಬೋರ್ಡನ್ನೂ ಇನ್ನೊಂದು ಕಂಪನಿಯ ಕಾರ್ಡನ್ನೂ ಧೈರ್ಯವಾಗಿ ಕೇಳಬಲ್ಲಿರಾದರೆ ಅದಕ್ಕೆ ಕಾರಣ ಈ ಜಗಳದ ಫಲ.

ಧೈರ್ಯವಾಗಿ ಎಂದೆ, ಆದರೆ ಆಗಿನ ದಿನಗಳಲ್ಲಿ ಅಷ್ಟು ಧೈರ್ಯಕ್ಕೆ ಅವಕಾಶವಿರಲಿಲ್ಲ. ಆಟಗಳಿಗೆ ಸಂಗೀತ ಬರಲೆಂದು ೧೯೮೯ರಲ್ಲಿ ಸಿಂಗಪುರದ ಕಂಪನಿಯೊಂದು ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡನ್ನು ತಂದಿತು. ಅಂಥ ಪ್ರತಿಯೊಂದು ಕಾರ್ಡಿಗೂ ಕರೆಗಂಟೆಯ ಸಂಖ್ಯೆಯೊಂದನ್ನು, ಸಣ್ಣ ತುಂಡುಗಳನ್ನು ಕೈಯಿಂದ ಸರಿಸಿ, ಗೊತ್ತುಮಾಡಬೇಕಾಗಿತ್ತು. ಎರಡು ಕಾರ್ಡುಗಳಿಗೆ ಒಂದೇ ಸಂಖ್ಯೆ ಬಿದ್ದರೆ, ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಕೊಟ್ಟಂತೆ. ಅಂಚೆಯವನು ದಿಕ್ಕುತಪ್ಪುತ್ತಿದ್ದ, ಯಂತ್ರ ನಿಂತುಹೋಗುತ್ತಿತ್ತು. ೧೯೯೨ರಲ್ಲಿ ಪಿಸಿಐ ಎಂಬ ಸ್ಲಾಟು, ೧೯೯೫ರಲ್ಲಿ ಎಟಿಎಕ್ಸ್ ಎಂಬ ಬೋರ್ಡಿನ ಅಳತೆ, ೧೯೯೬ರಲ್ಲಿ ಯುಎಸ್‌ಬಿ ಎಂಬ ಪ್ಲಗ್ಗು ಬಂದಮೇಲೆ ಕೆಲಸ ಸುಲಭವಾಯಿತು. ಎಟಿಎಕ್ಸ್ ಅಳತೆಯ ಬೋರ್ಡು ಇಂದಿಗೂ ೩೦೫ಕ್ಕೆ ೨೪೪ ಮಿಲಿಮೀಟರ್; ಸ್ಕ್ರೂ ಹಾಕುವ ತೂತುಗಳೂ ಗೊತ್ತಾದ ಜಾಗದಲ್ಲಿ.

ನಮ್ಮ ದೇಶಕ್ಕೆ ಈ ಭಾಗಗಳು ಬಂದ ದಾರಿಯೂ ಹೇಳಬೇಕಾದದ್ದೇ. ೧೯೮೪ರ ನವೆಂಬರಿನಲ್ಲಿ ಸರ್ಕಾರ ಪ್ರಕಟಿಸಿದ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದಿನ ಕಟ್ಟನ್ನು ಸಡಿಲಿಸಿತು. ೧೯೯೧ರ ಆರ್ಥಿಕ ಸುಧಾರಣೆ ಇನ್ನಷ್ಟು ಸಡಿಲಿಸಿತು. ೧೯೯೭ರಲ್ಲಿ ಭಾರತ ಸೇರಿದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ೨೦೦೫ರ ವೇಳೆಗೆ ಕಂಪ್ಯೂಟರಿನ ಹೆಚ್ಚಿನ ಭಾಗಗಳ ಮೇಲಿನ ಆಮದು ಸುಂಕ ಸೊನ್ನೆಗೆ ಇಳಿಯಿತು. ‘ಅಸೆಂಬಲ್ಡ್’ ಎಂಬ ಮಾತು ನಮ್ಮ ಪಟ್ಟಣಗಳಲ್ಲಿ ಮನೆಮಾತಾಯಿತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುನ್ಮಂಡಲದ ಹಲಗೆಗಳನ್ನು ಮಾಡುವ ಕಾರ್ಖಾನೆಯೊಂದಿದೆಯೆಂಬುದು ಅಲ್ಲಿಯವರಿಗೆ ಗೊತ್ತು. ೧೯೯೯ರಲ್ಲಿ ಅದನ್ನು ಆಸ್ಟ್ರಿಯಾದ ಎಟಿ ಆ್ಯಂಡ್ ಎಸ್ ಕಂಪನಿ ಕೊಂಡಿತು. ಗಾಜಿನ ನಾರಿನ ತೆಳು ಹಾಳೆಗೆ ತಾಮ್ರದ ತಗಡನ್ನು ಅಂಟಿಸಿ, ಬೇಡದ ತಾಮ್ರವನ್ನು ರಸಾಯನದಲ್ಲಿ ಕರಗಿಸಿ, ಉಳಿದ ಗೆರೆಗಳನ್ನೇ ತಂತಿಯಾಗಿ ಮಾಡುವ ಕೆಲಸವದು. ಮದರ್‌ಬೋರ್ಡೂ ಇದೇ ಜಾತಿಯ ಹಲಗೆ. ಹೀಗಿರುವಾಗ, ಈ ವಿದ್ಯೆ ನಮಗೆ ದೂರದ್ದೆಂದು ಹಿಂಜರಿಯಲು ಕಾರಣವಿಲ್ಲ.

ಈಗ ಆ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳೋಣ. ಮೊದಲನೆಯ ತಾಳೆ ಪ್ರೊಸೆಸರಿಗೂ ಮದರ್‌ಬೋರ್ಡಿಗೂ. ಪ್ರೊಸೆಸರು ಕೂರುವ ಗುಳಿಗೆ ಸಾಕೆಟ್ ಎಂದು ಹೆಸರು. ಎಎಂಡಿ ಕಂಪನಿಯ ಎಎಂ೪ ಸಾಕೆಟ್ ೨೦೧೬ರದು, ಎಎಂ೫ ೨೦೨೨ರದು. ಇಂಟೆಲಿನ ಎಲ್‌ಜಿಎ ೧೭೦೦ ೨೦೨೧ರದು, ಎಲ್‌ಜಿಎ ೧೮೫೧ ೨೦೨೪ರದು. ಒಂದರದು ಇನ್ನೊಂದರಲ್ಲಿ ಕೂರುವುದಿಲ್ಲ. ಇದು ಕಣ್ಣಿಗೆ ಕಾಣುವ ಗೇಜಿನ ವ್ಯತ್ಯಾಸ. ಆದರೆ ವಾಲ್ವಿನ ಪಾಠವೂ ಇಲ್ಲಿ ಉಂಟು. ೨೦೧೫ರಲ್ಲಿ ಬಂದ ಇಂಟೆಲಿನ ಬೋರ್ಡುಗಳಲ್ಲಿಯೂ ೨೦೧೭ರ ಕೊನೆಯಲ್ಲಿ ಬಂದ ಬೋರ್ಡುಗಳಲ್ಲಿಯೂ ಸಾಕೆಟಿನ ಸಂಪರ್ಕಬಿಂದುಗಳು ಸರಿಯಾಗಿ ೧೧೫೧. ಎಂಟನೆಯ ತಲೆಮಾರಿನ ಪ್ರೊಸೆಸರು ಹಳೆಯ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಕೆಲಸ ಮಾತ್ರ ಮಾಡುವುದಿಲ್ಲ. ಹಳೆಯ ಸಾಮಾನನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ಮರೆಯಬಾರದು. ಎಎಂ೪ ಬೋರ್ಡುಗಳಲ್ಲಿಯೂ, ಬೋರ್ಡು ಹಳೆಯದಾಗಿ ಪ್ರೊಸೆಸರು ಹೊಸದಾಗಿದ್ದರೆ, ಮೊದಲು ಬಯಾಸನ್ನು ಹೊಸದು ಮಾಡಬೇಕು. ಅದಕ್ಕೆ ಎಷ್ಟೋ ಬೋರ್ಡುಗಳಲ್ಲಿ ಹಳೆಯ ಪ್ರೊಸೆಸರೊಂದು ಕೈಯಲ್ಲಿರಬೇಕಾಗುತ್ತದೆ. ಆದ್ದರಿಂದ ಬೋರ್ಡು ಮಾಡಿದ ಕಂಪನಿ ಪ್ರಕಟಿಸುವ ಪಟ್ಟಿಯಲ್ಲಿ ಪ್ರೊಸೆಸರಿನ ಹೆಸರನ್ನೂ, ಬೇಕಾದ ಬಯಾಸಿನ ಸಂಖ್ಯೆಯನ್ನೂ ಹಣ ಕೊಡುವ ಮೊದಲೇ ನೋಡಬೇಕು.

ಎರಡನೆಯದು ರ‍್ಯಾಮ್. ಡಿಡಿಆರ್೪ಕ್ಕೂ ಡಿಡಿಆರ್೫ಕ್ಕೂ ಸಂಪರ್ಕಬಿಂದುಗಳು ೨೮೮ ಮಾತ್ರವೇ. ಆದರೆ ಕಡ್ಡಿಯ ಅಂಚಿನಲ್ಲಿರುವ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ವೋಲ್ಟು ೧.೨, ಇನ್ನೊಂದರದು ೧.೧. ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಂಪ್ಯೂಟರಿನ ಭಾಗಗಳಲ್ಲಿಯೂ ಗುಲಗಂಜಿಯಷ್ಟು ವ್ಯತ್ಯಾಸಕ್ಕೆ ಅಷ್ಟೇ ಬೆಲೆ. ಎಲ್‌ಜಿಎ ೧೭೦೦ ಬೋರ್ಡುಗಳು ಎರಡು ಬಗೆಯವು, ಕೆಲವು ಡಿಡಿಆರ್೪ರವು, ಕೆಲವು ಡಿಡಿಆರ್೫ರವು. ಸಾಕೆಟಿನ ಹೆಸರನ್ನಷ್ಟೇ ಓದಿ ರ‍್ಯಾಮ್ ತರಿಸಿದರೆ ಸಾಲದು.

ಮೂರನೆಯದು ಗ್ರಾಫಿಕ್ಸ್ ಕಾರ್ಡು. ಆಟದ ಕಂಪ್ಯೂಟರಿನಲ್ಲಿ ಹೆಚ್ಚಿನ ಹಣ ಹೋಗುವುದು ಇದಕ್ಕೇ. ಇದರ ಸ್ಲಾಟಿನಲ್ಲಿ ಮಾತ್ರ ಚರಿತ್ರೆ ನಮ್ಮ ಪಕ್ಷದಲ್ಲಿದೆ: ಪಿಸಿಐ ಎಕ್ಸ್‌ಪ್ರೆಸ್ ಎಂಬ ಈ ಸ್ಲಾಟು ೨೦೦೩ರಿಂದ ಹಲವು ತಲೆಮಾರು ಕಂಡಿದ್ದರೂ ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲಿ, ವೇಗ ಸ್ವಲ್ಪ ಕಡಿಮೆಯಾದರೂ, ಸಾಮಾನ್ಯವಾಗಿ ನಡೆಯುತ್ತದೆ. ನೋಡಬೇಕಾದದ್ದು ಉದ್ದ. ೩೦೦ ಮಿಲಿಮೀಟರ್ ಮೀರಿದ ಕಾರ್ಡುಗಳುಂಟು. ಕ್ಯಾಬಿನೆಟ್ಟಿನಲ್ಲಿ ಅಷ್ಟು ಜಾಗವಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಬೇಕು.

ನಾಲ್ಕನೆಯದು ವಿದ್ಯುತ್ತು. ಹೆಚ್ಚಿನ ಎಚ್ಚರ ಇಲ್ಲಿ ಬೇಕು, ಏಕೆಂದರೆ ಮಿಕ್ಕ ಕಡೆ ತಪ್ಪಿದರೆ ಯಂತ್ರ ನಡೆಯುವುದಿಲ್ಲ. ಇಲ್ಲಿ ತಪ್ಪಿದರೆ ಸುಡುತ್ತದೆ. ಸ್ಲಾಟಿನಿಂದ ಕಾರ್ಡಿಗೆ ಸಿಕ್ಕುವುದು ೭೫ ವಾಟು. ಎಂಟು ಪಿನ್ನಿನ ಪ್ಲಗ್ಗು ೧೫೦ ವಾಟು ಕೊಡುತ್ತದೆ. ೨೦೨೨ರಲ್ಲಿ ಬಂದ ಹೊಸ ಸಣ್ಣ ಪ್ಲಗ್ಗು ೬೦೦ ವಾಟಿನವರೆಗೂ ಸಾಗಿಸುತ್ತದೆ. ಆದರೆ ಅದು ಪೂರ್ತಿ ಒಳಗೆ ಕೂರದೆ ಕರಗಿಹೋದ ಪ್ರಸಂಗಗಳು ಅದೇ ವರ್ಷ ಹಲವು ದೇಶಗಳಿಂದ ವರದಿಯಾದವು. ಪವರ್ ಸಪ್ಲೈ ಪೆಟ್ಟಿಗೆಯಿಂದ ಬಿಡಿಸಿ ತೆಗೆಯಬಹುದಾದ ಕೇಬಲ್ಲುಗಳ ವಿಷಯದಲ್ಲಿ ವಾಲ್ವಿನ ಪಾಠ ಮತ್ತೆ ಬರುತ್ತದೆ. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಪೆಟ್ಟಿಗೆಯಲ್ಲಿ ಚೆನ್ನಾಗಿ ಕೂರಬಹುದು. ಒಳಗಿನ ತಂತಿಗಳ ಕ್ರಮ ಮಾತ್ರ ಬೇರೆ. ೫ ವೋಲ್ಟು ಬೇಕಾದಲ್ಲಿಗೆ ೧೨ ವೋಲ್ಟು ಹೋದರೆ ಡಿಸ್ಕು ಆ ಕ್ಷಣವೇ ಸುಟ್ಟುಹೋಗುತ್ತದೆ, ಅದರಲ್ಲಿದ್ದ ಮದುವೆಯ ಫೋಟೋಗಳ ಸಹಿತ. ಪೆಟ್ಟಿಗೆಯ ಜೊತೆಗೆ ಬಂದ ಕೇಬಲ್ಲನ್ನೇ ಬಳಸಿರಿ. ಹಳೆಯದನ್ನು ಗಂಟುಕಟ್ಟಿ ಹೆಸರು ಬರೆದಿಡಿ. ಹಳೆಯ ಪೆಟ್ಟಿಗೆಗಳ ಹಿಂದೆ ೧೧೫, ೨೩೦ ಎಂದು ಗುರುತಿರುವ ಕೆಂಪು ಸ್ವಿಚ್ಚಿದ್ದರೆ ಅದು ನಮ್ಮ ದೇಶದಲ್ಲಿ ೨೩೦ರಲ್ಲಿಯೇ ಇರಬೇಕು.

ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್ಸೂ ಪಟ್ಟಿಗೆ ಸೇರುತ್ತದೆ. ೬೦೦ ವಿಎ ಎಂದು ಬರೆದ ಪೆಟ್ಟಿಗೆ ೬೦೦ ವಾಟು ಕೊಡುತ್ತದೆಂದು ತಿಳಿಯಬಾರದು. ಅಂಥವು ಕೊಡುವುದು ಸಾಮಾನ್ಯವಾಗಿ ೩೬೦ ವಾಟಿನ ಸುಮಾರು. ಆಟ ನಡೆಯುತ್ತಿರುವಾಗ ಕಂಪ್ಯೂಟರು ೫೦೦ ವಾಟು ಎಳೆಯುವುದಾದರೆ ಕರೆಂಟು ಹೋದೊಡನೆ ಯುಪಿಎಸ್ಸೂ ಕೈಬಿಡುತ್ತದೆ. ಗೋಡೆಯ ಪ್ಲಗ್ಗಿಗೆ ನೆಲದ ತಂತಿ, ಎಂದರೆ ಅರ್ತಿಂಗ್, ಸರಿಯಾಗಿದೆಯೇ ಎಂದು ವೈರಿಂಗ್ ಬಲ್ಲವರಿಂದ ಒಮ್ಮೆ ನೋಡಿಸುವುದು ಕಂಪ್ಯೂಟರಿಗೂ ಮನೆಯವರಿಗೂ ಕ್ಷೇಮ.

ಇಷ್ಟನ್ನು ತಾಳೆ ನೋಡಲು ವಿಶೇಷ ಪಾಂಡಿತ್ಯ ಬೇಕಾಗಿಲ್ಲ. ಒಂದು ಬಿಳಿಯ ಹಾಳೆಯ ಎಡಗಡೆ ಭಾಗದ ಹೆಸರು, ನಡುವೆ ಅದು ಯಾವುದನ್ನು ಕೂಡಬೇಕೆಂಬುದು, ಬಲಗಡೆ ಆ ಎರಡು ಕಂಪನಿಗಳೂ ಬರೆದ ಸಂಖ್ಯೆ. ಇಷ್ಟು ಮಗು ಬರೆಯಲಿ, ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಓದಿಸಿ ಕೇಳಲಿ. ಅರ್ಥವಾಗದ ಕಡೆ ನಿಲ್ಲಿಸಿ ಕೇಳುವುದೇ ಹಿರಿಯರ ಕೆಲಸ. ಬಲಗಡೆಯ ಎರಡು ಸಂಖ್ಯೆಗಳು ತಾಳೆಯಾಗುವವರೆಗೆ ಹಣ ಕೊಡಬೇಡಿ.

ಭಾಗಗಳು ತಾವಾಗಿಯೇ ಹೊಂದುವುದಿಲ್ಲ. ಒಂದೊಂದು ತೂತಿನ ಜಾಗವನ್ನೂ, ಒಂದೊಂದು ಪಿನ್ನಿನ ವೋಲ್ಟನ್ನೂ ಯಾರೋ ಕೂತು, ಜಗಳವಾಡಿ, ಒಪ್ಪಿ, ಬರೆದಿಟ್ಟಿದ್ದಾರೆ. ಆ ಬರೆಹ ಎಲ್ಲರಿಗೂ ತೆರೆದಿರುವುದರಿಂದಲೇ ತಿರುಮಕೂಡಲಿನ ಒಂದು ಮನೆಯ ಜಗಲಿಯ ಮೇಲೆ ಮಗುವೊಂದು ಕಂಪ್ಯೂಟರನ್ನು ಜೋಡಿಸುವುದು ಸಾಧ್ಯವಾಗಿದೆ. ಬೋರ್ಡಿಗೇ ಬೆಸೆದುಹೋದ ರ‍್ಯಾಮು, ಬಿಚ್ಚಲಾಗದ ಕವಚ ಇವುಗಳಿರುವ ಯಂತ್ರಗಳೂ ಈಗ ಮಾರುಕಟ್ಟೆಯಲ್ಲಿ ಬಹಳ. ಅವು ಚೆಲುವಾಗಿವೆ, ಹಗುರವಾಗಿವೆ, ಆದರೆ ಕೆಟ್ಟರೆ ಮನೆಯಲ್ಲಿ ತಿದ್ದುವಂತಿಲ್ಲ. ಬಿಡಿಭಾಗಗಳಿಂದ ಜೋಡಿಸಿದ ಯಂತ್ರದಲ್ಲಿ ಕೆಟ್ಟದ್ದನ್ನು ಮಾತ್ರ ತೆಗೆದು ಬದಲಾಯಿಸಬಹುದು. ನಾಲ್ಕು ವರ್ಷದ ಮೇಲೆ ಕಾರ್ಡೊಂದನ್ನೇ ಹೊಸದು ಮಾಡಿದರೂ ಸಾಕಾಗಬಹುದು. ಮಗು ಪಟ್ಟಿಯನ್ನು ತಂದಾಗ ಆಟಕ್ಕೆ ಇಷ್ಟು ಹಣವೇ ಎಂದು ಒಮ್ಮೆಗೇ ಮಡಿಚಿಡಬೇಡಿ. ಹಣ ಕೊಡುವುದೂ ಬಿಡುವುದೂ ನಿಮ್ಮ ಸಂಸಾರದ ಅನುಕೂಲಕ್ಕೆ ಸೇರಿದ್ದು. ಆದರೆ ತಾಳೆ ನೋಡುವ ವಿದ್ಯೆಯನ್ನು ಕಲಿಸಿಬಿಡಿ. ಅದಕ್ಕೆ ಖರ್ಚಾಗುವುದು ಒಂದು ಹಾಳೆ, ಒಂದು ಸಂಜೆ.